ನನಗೊಬ್ಬಳಿಗೇ ಆಗಿಬರದ ಮನೆ

ರಾಮದುರ್ಗದಲ್ಲಿ ನಮ್ಮ ಮನೆ ಇರುವುದು ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ. ಕಲ್ಲುಮಣ್ಣಿನ ಹಳೆಯ ಗೋಡೆ, ಅದರ ಮೇಲೆ ಈಚೆಗೆ ಬಳಿದ ಸಿಮೆಂಟಿನ ಗಿಲಾವು, ನೆಲಕ್ಕೆ ಶಹಾಬಾದಿ ಕಲ್ಲು. ಮನೆಯಲ್ಲಿ ನಾವು ಮೂವರೇ: ನಾನು, ನನ್ನ ಗಂಡ, ಅತ್ತೆ. ನಮಗೆ ಮಕ್ಕಳಾಗಲಿಲ್ಲ. ಗಂಡನ ಮನೆತನದವರು ಹಿಂದೆ ಊರಿಗೆಲ್ಲ ಪಂಚಾಂಗ ಹೇಳುತ್ತಿದ್ದರಂತೆ. ಮಾವನವರ ಕಾಲಕ್ಕೇ ಆ ಕೆಲಸ ನಿಂತುಹೋಗಿತ್ತು. ನಮ್ಮವರು ಬಜಾರಿನಲ್ಲಿ ಸಣ್ಣ ಅಂಗಡಿ ಹಿಡಿದು, ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಾರೆ. ನಾನು ಮನೆಯಲ್ಲೇ ಕೂತು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದೆ.

ಆ ವರ್ಷ ಶ್ರಾವಣದಲ್ಲಿ ನಮ್ಮ ಕಡೆ ದೊಡ್ಡ ಮಳೆಯೇನೂ ಇರಲಿಲ್ಲ. ಜಿನುಗು ಮಳೆ, ಒದ್ದೆ ಗಾಳಿ, ಅಷ್ಟೇ. ಬಿರುಗಾಳಿಯೂ ಮಳೆಯೂ ಇದ್ದದ್ದು ಮೇಲೆ ಖಾನಾಪುರದ ಕಾಡಿನಲ್ಲಿ. ಒಂದು ಮುಂಜಾನೆ ಆಟೋಗೆ ಮೈಕಿನ ಭೋಂಗಾ ಕಟ್ಟಿಕೊಂಡು ಬಂದವರು, ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಡುತ್ತಿದ್ದಾರೆ, ಹೊಳೆದಂಡೆಯವರು ಮನೆ ಬಿಡಬೇಕು ಎಂದು ಕೂಗುತ್ತ ಹೋದರು. ಅತ್ತೆ ನಂಬಲಿಲ್ಲ. "ಪ್ರತಿ ವರ್ಷ ಹಿಂಗೇ ಒದರತಾರ, ನೀರು ಮೆಟ್ಟಲಾ ಮುಟ್ಟಿ ಹೊಳ್ಳಿ ಹೋಗತದ" ಎಂದರು. ಮಧ್ಯಾಹ್ನದ ಹೊತ್ತಿಗೆ ಓಣಿಯ ಕೊನೆಯ ಮನೆಯ ಹೊಸ್ತಿಲಿಗೆ ನೀರು ಬಂದಾಗ ನಾವು ಕೈಗೆ ಸಿಕ್ಕಿದ್ದನ್ನು ಅಟ್ಟಕ್ಕೆ ಏರಿಸಿ ಹೊರಟೆವು. ಮಾವನವರು ಮಾಡಿಸಿದ್ದ ತೇಗದ ಕಪಾಟು ಮೂವರಿಗೆ ಎತ್ತಲು ಬರುವಂಥದ್ದಲ್ಲ. ಅದು ಇದ್ದಲ್ಲೇ ಉಳಿಯಿತು. ಹೊಲಿಗೆಯ ಮಷಿನ್ನೂ ಉಳಿಯಿತು.

ಊರ ಮೇಲುಭಾಗದ ಒಂದು ಸಾಲೆಯ ಕೋಣೆಯಲ್ಲಿ ಓಣಿಯವರೆಲ್ಲ ಉಳಿದೆವು. ನೀರು ಇಳಿದಿದೆ ಎಂದು ಯಾರೋ ಬಂದು ಹೇಳಿದ ದಿನ, ನಾವು ನಡೆದೇ ಮನೆಗೆ ಹೋದೆವು.

ಬಾಗಿಲು ತೆರೆಯಲು ನಮ್ಮವರು ಹೆಗಲು ಕೊಟ್ಟು ನೂಕಬೇಕಾಯಿತು. ಒಳಗೆ ಕಾಲಿಟ್ಟರೆ ಮೀನಖಂಡದವರೆಗೆ ರಾಡಿ. ಗೋಡೆಯ ಮೇಲೆ ನನ್ನ ಭುಜದ ಮಟ್ಟಕ್ಕೆ ನೀರು ನಿಂತುಹೋದ ಗೆರೆ ಇತ್ತು. ವಾಸನೆಯನ್ನು ಹೇಗೆ ಹೇಳಲಿ! ಅದು ಹೊಳೆಯ ವಾಸನೆಯಾಗಿರಲಿಲ್ಲ. ಊರಿನ ಗಟಾರು, ಪಾಯಿಖಾನೆಯ ಗುಂಡಿ, ಸತ್ತ ದನ, ಹೊಲದ ಔಷಧ, ಸೀಮೆಎಣ್ಣೆ ಎಲ್ಲವೂ ಕೂಡಿ ಒಂದೇ ನೀರಾಗಿ ನಮ್ಮ ಅಡುಗೆಮನೆಯಲ್ಲಿ ನಿಂತಿತ್ತು. ಅತ್ತೆ ಹೊರಗೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಮೊದಲ ದೇವರ ಖೋಲಿ ತೊಳೀರಿ" ಎಂದರು.

ತೊಳೆದೆವು. ಓಣಿಯಲ್ಲಿ ಎಲ್ಲರೂ ತೊಳೆಯುತ್ತಿದ್ದರು. ಯಾರ ಕಾಲಲ್ಲೂ ಬೂಟಿರಲಿಲ್ಲ. ನಮ್ಮವರ ಹಿಮ್ಮಡಿಯನ್ನು ರಾಡಿಯೊಳಗಿನ ತಗಡು ಕೊಯ್ದಿತು. ಓಣಿಗೆ ಬಂದಿದ್ದ ದವಾಖಾನೆಯ ಸಿಸ್ಟರು ಗಾಯ ತೊಳೆದು ಧನುರ್ವಾಯುವಿನ ಸೂಜಿ ಮಾಡಿ, "ಈ ರಾಡ್ಯಾಗ ಇಲಿ ಉಚ್ಚಿ ಇರತೈತಿ, ಗಾಯ ಇಟ್ಟುಕೊಂಡು ಇಳೀಬ್ಯಾಡ್ರಿ, ಜ್ವರ ಬಂದ್ರ ಮನ್ಯಾಗ ಕುಂಡ್ರಬ್ಯಾಡ್ರಿ, ಸೀದಾ ಬರ್ರಿ" ಎಂದು ಬೈದಂತೆಯೇ ಹೇಳಿಹೋದಳು. ಅವಳು ಹೇಳಿದಂತೆಯೇ ಆಯಿತು. ನಮ್ಮ ಓಣಿಯ ಒಬ್ಬ ಗಂಡಸಿಗೆ ಜ್ವರ ಬಂದು, ಕಣ್ಣು ಹಳದಿಯಾಗಿ, ಬೆಳಗಾವಿಗೆ ಒಯ್ಯಬೇಕಾಯಿತು. ಉಳಿದು ಬಂದ. ಆಚೆ ಮನೆಯವಳು ಬಚ್ಚಲಿಗೆ ಹಾಕಿದ್ದ ಬ್ಲೀಚಿಂಗ್ ಪೌಡರಿನ ಮೇಲೆ ಪಾಯಿಖಾನೆ ತೊಳೆಯುವ ಆಸಿಡ್ಡನ್ನೂ ಸುರಿದು, ಎದ್ದ ಹೊಗೆಗೆ ಕಣ್ಣು ಉರಿಸಿಕೊಂಡು ಹೊರಗೆ ಓಡಿಬಂದಳು. ಮಕ್ಕಳಿಗೆ ವಾಂತಿಭೇದಿ ಹತ್ತಿತು. ಬಾಯಿಗೆ ಹಾಕುವ ನೀರನ್ನೆಲ್ಲ ಕುದಿಸಿ ಆರಿಸುವುದೇ ನಮಗೆಲ್ಲ ಒಂದು ಕೆಲಸವಾಯಿತು. ಆದರೂ ಆ ದಿನಗಳನ್ನು ನೆನೆದರೆ ನನಗೆ ಒಂಟಿತನದ ನೆನಪಿಲ್ಲ. ಎಲ್ಲರಿಗೂ ಒಂದೇ ಕಷ್ಟವಿತ್ತು. ಒಬ್ಬರ ಮನೆಯ ಚಹಾ ಇನ್ನೊಬ್ಬರ ಮನೆಗೆ ಬರುತ್ತಿತ್ತು. ಗೋಡೆ ತೊಳೆಯುತ್ತ ಜೋರಾಗಿ ನಕ್ಕದ್ದೂ ಉಂಟು.

ಒಂಟಿತನ ಶುರುವಾದದ್ದು ಎಲ್ಲ ಮುಗಿಯಿತು ಎಂದು ಎಲ್ಲರೂ ಅಂದುಕೊಂಡ ಮೇಲೆ.

ದೀಪಾವಳಿಗೆ ನಮ್ಮವರು ಗೋಡೆಗಳಿಗೆ ತಿಳಿ ಹಸಿರು ಬಣ್ಣ ಹೊಡೆಸಿದರು. ಮನೆ ಹೊಸದರಂತೆ ಕಂಡಿತು. ನೀರು ಕುಡಿದಿದ್ದ ಅರಳೆಯ ಗಾದಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಬಡಿದು, ಹೊಸ ಅರಿವೆ ಹೊದಿಸಿ ಮತ್ತೆ ಮಂಚಕ್ಕೆ ಹಾಸಿದ್ದೆವು. ಕಪಾಟನ್ನು ಒರೆಸಿ ಎಣ್ಣೆ ಹಚ್ಚಿದೆವು. ಹೊಲಿಗೆಯ ಮಷಿನ್ನಿನ ತುಕ್ಕು ತೆಗೆಸಿ ರಿಪೇರಿ ಮಾಡಿಸಿದೆವು. ಹೊಳೆ ಬಂದು ಕೆಟ್ಟ ಮೋಟರುಗಳು ಊರೂರಿನಿಂದ ನಮ್ಮವರ ಅಂಗಡಿಗೆ ಬಂದು ಗುಡ್ಡೆಯಾಗಿದ್ದವು. ಅವರು ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುತ್ತಿದ್ದದ್ದು. ಮೋಟರಿನ ಒಳಗೆ ಬಲ್ಬು ಉರಿಸಿಟ್ಟು, ಪಸೆಯೆಲ್ಲ ಆರಿದ ಮೇಲೆಯೇ ತಂತಿ ಸುತ್ತಬೇಕು, ಇಲ್ಲದಿದ್ದರೆ ಮತ್ತೆ ಸುಡುತ್ತದೆ ಎಂದು ಊಟ ಮಾಡುತ್ತ ನಮಗೆ ಹೇಳುತ್ತಿದ್ದರು. ಆ ಮಾತನ್ನು ನಮ್ಮ ಗೋಡೆಗಳಿಗೆ ಹಚ್ಚಿ ನೋಡುವುದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಚಳಿ ಬಿದ್ದಾಗ ಹಸಿರು ಬಣ್ಣದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಎದ್ದವು. ಮೊದಲು ಮಲಗುವ ಕೋಣೆಯ ಮೂಲೆಯಲ್ಲಿ, ಆಮೇಲೆ ಕಪಾಟಿನ ಅಂಚಿನಲ್ಲಿ. ಅತ್ತೆ ಹಸಿ ಅರಿವೆಯಿಂದ ಒರೆಸುತ್ತಿದ್ದರು. ಅವರ ಪಾಲಿಗೆ ನೀರಿನಿಂದ ಹೋಗದ ಹೊಲಸು ಇರಲಿಲ್ಲ. ಮಡಿಯ ಸೀರೆಯನ್ನು ಹೊರಗೆ ಹರವಿದರೆ ಯಾರಾದರೂ ಮುಟ್ಟಿಯಾರು ಎಂದು ನಡುಮನೆಯ ಗಳದ ಮೇಲೇ ಹಾಕುತ್ತಿದ್ದರು. ಅದರ ನೀರು ಒಂದೊಂದೇ ಹನಿ ಕಲ್ಲಿನ ಮೇಲೆ ಬೀಳುತ್ತಿತ್ತು. ಒರೆಸಿದ ಚುಕ್ಕೆ ಮರುವಾರ ಇನ್ನಷ್ಟು ಅಗಲವಾಗಿ ಬರುತ್ತಿತ್ತು.

ಅದೇ ಹೊತ್ತಿಗೆ ನನಗೆ ಕೆಮ್ಮು ಹತ್ತಿತು. ನೆಗಡಿಯ ಕೆಮ್ಮು ಎಂದು ಕಷಾಯ ಕುಡಿದೆ. ಔಷಧದ ಅಂಗಡಿಯಿಂದ ತಂದ ಬಾಟಲಿಗಳೂ ಮುಗಿದವು. ಮುಂಜಾನೆ ಏಳುವಾಗ ಎದೆಯ ಮೇಲೆ ಯಾರೋ ಕೂತು ಎದ್ದುಹೋದಂತಿರುತ್ತಿತ್ತು. ಉಸಿರು ಬಿಟ್ಟರೆ ಒಳಗೆ ಸಿಳ್ಳೆಯ ಸಪ್ಪಳ. ಕಣ್ಣು ಕಡಿತ, ಮೂಗು ಕಟ್ಟುವುದು, ಮೈಕೈ ಸೋತು ಬೀಳುವುದು. ಜಂಪರಿನ ಒಂದು ತೋಳು ಹೊಲಿದು ಇನ್ನೊಂದು ತೋಳಿಗೆ ಬರುವಷ್ಟರಲ್ಲಿ ಮಷಿನ್ ನಿಲ್ಲಿಸಿ ಕಿಟಕಿಯ ಬಳಿ ನಿಲ್ಲಬೇಕಾಗುತ್ತಿತ್ತು. ಅತ್ತೆ ಆ ಕಿಟಕಿಯನ್ನು ಚಳಿಗೆಂದು ಮುಚ್ಚುತ್ತಿದ್ದರು. ನಾನು ತೆರೆಯುತ್ತಿದ್ದೆ.

ಮಾಘದಲ್ಲಿ ಬೈಲಹೊಂಗಲದ ನನ್ನ ಚಿಕ್ಕಮ್ಮನ ಮನೆಯಲ್ಲಿ ಮದುವೆ ಇತ್ತು. ಕೆಲಸಕ್ಕೆಂದು ನಾನು ಮುಂಚಿತವಾಗಿಯೇ ಹೋದೆ. ಹೋದ ಮೂರನೆಯ ಬೆಳಗ್ಗೆ ಎದ್ದು ಬಚ್ಚಲಿಗೆ ಹೋಗಿ, ಮುಖ ತೊಳೆದು, ಚಹಾ ಕುಡಿದು, ಹೂ ಕಟ್ಟಲು ಕೂತ ಮೇಲೆ ಥಟ್ಟನೆ ನೆನಪಾಯಿತು: ನಾನು ಇವತ್ತು ಕೆಮ್ಮಿಯೇ ಇಲ್ಲ. ಮದುವೆ ಮುಗಿಸಿ ಮನೆಗೆ ಬಂದ ಸಂಜೆಯೇ ಕೆಮ್ಮು ಮರಳಿ ಬಂತು. ಮತ್ತೊಮ್ಮೆ ಸಂಪಗಾಂವದಲ್ಲಿ ಒಂದು ಬಾಣಂತನಕ್ಕೆ ನೆರವಾಗಲು ಹೋದಾಗಲೂ ಹೀಗೇ ಆಯಿತು. ಹೋದಲ್ಲಿ ಗುಣ, ಬಂದಲ್ಲಿ ಬೇನೆ.

ನಾನು ಹೇಳಿದೆ. ಊಟಕ್ಕೆ ಕೂತಾಗ, ಮೆಲ್ಲಗೆ, "ನನಗ ಈ ಮನೀದ ಗಾಳಿ ಆಗಿಬರವಲ್ತು ಅನಸ್ತದ" ಎಂದೆ.

ಅತ್ತೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ನಾವೂ ಇದ ಮನ್ಯಾಗ ಇದ್ದೇವಲ್ಲ. ನನಗ ಎಪ್ಪತ್ತು ದಾಟ್ಯಾವ. ನನಗ ಏನೂ ಆಗಿಲ್ಲ. ಅವಗ ಏನೂ ಆಗಿಲ್ಲ. ನಿನಗೊಬ್ಬಾಕಿಗೇ ಹೆಂಗ ಆಗತದ?"

ನಮ್ಮವರು ತಲೆ ತಗ್ಗಿಸಿ, "ಬ್ಯಾಸಿಗಿ ಬಂದ್ರ ಎಲ್ಲಾ ಒಣಗತದ ಬಿಡು" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಂಬಿಕೆಯೂ ಇರಲಿಲ್ಲ.

ಬೇನೆಯಲ್ಲಿ ಇದು ಬೇರೆಯದೇ ಬಗೆ. ಹೊಳೆ ಬಂದಾಗ ನೀರು ಎಲ್ಲರ ಮನೆಗೂ ಒಂದೇ ಮಟ್ಟಕ್ಕೆ ಬಂದಿತ್ತು. ಈಗ ಅದೇ ಮನೆ, ಅದೇ ಗಾಳಿ, ಅದೇ ಊಟ, ನಾನೊಬ್ಬಳೇ ಕೆಮ್ಮುವವಳು. ಓಣಿಯ ಹೆಂಗಸರಿಗೂ ನನ್ನ ಕೆಮ್ಮು ಬೇಸರವಾಯಿತು. ಜಂಪರಿನ ಬಟ್ಟೆ ತರುವವರು ಕಡಿಮೆಯಾದರು. ಕೆಮ್ಮುವವಳ ಕೈಯ ಅರಿವೆ ಎಂದು ಅಂದುಕೊಂಡರೋ ಏನೋ. ಒಬ್ಬಾಕೆ ಕಟ್ಟೆಯ ಮೇಲೆ ಕೂತು, "ಆಕೀಗೆ ಅತ್ತಿ ಕೂಡ ಇರೂದು ಬ್ಯಾಡಾಗೇತಿ, ಅದಕ್ಕ ಗ್ವಾಡಿ ನೆವಾ" ಎಂದದ್ದು ನನ್ನ ಕಿವಿಗೇ ಬಿತ್ತು. ಅದು ಅತ್ತೆಯ ಕಿವಿಗೂ ಬಿದ್ದಿರಬೇಕು ಎಂದು ಆಗ ನಾನು ಯೋಚಿಸಲಿಲ್ಲ.

ಒಂದು ಮುಂಜಾನೆ ಒಲೆಯ ಮುಂದೆ ನಿಂತವಳಿಗೆ ಉಸಿರು ಒಳಗೆ ಹೋಗುವುದು ನಿಂತೇಹೋಯಿತು. ಮಾತು ಹೊರಡಲಿಲ್ಲ. ಕಟ್ಟೆಗೆ ಕೈ ಬಡಿದೆ. ಸಪ್ಪಳಕ್ಕೆ ಬಂದ ಅತ್ತೆ ನೀಲಿಗಟ್ಟಿದ ನನ್ನ ತುಟಿ ನೋಡಿ ಮಗನನ್ನು ಕೂಗಿದರು. ರಾಮದುರ್ಗದ ದವಾಖಾನೆಯಲ್ಲಿ ಆಮ್ಲಜನಕ ಹಚ್ಚಿ, ಸೂಜಿ ಮಾಡಿ, ಸುಧಾರಿಸಿದ ಮೇಲೆ, ಎದೆಯ ವೈದ್ಯರಿಗೆ ತೋರಿಸಿ ಎಂದು ಹೇಳಿದರು. ನಮ್ಮವರು ನನ್ನನ್ನು ಬೈಲಹೊಂಗಲಕ್ಕೆ ಕರೆದೊಯ್ದರು. ಅಲ್ಲಿ ಚಿಕ್ಕಮ್ಮನಿಗೆ ಪರಿಚಯವಿದ್ದ ಒಬ್ಬ ವೈದ್ಯೆ ಇದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

ಅವರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಒಂದು ಯಂತ್ರದೊಳಗೆ ಊದಿಸಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಮನ್ಯಾಗ ಹೊಳಿ ನೀರು ಹೊಕ್ಕಿತ್ತೇನ್ರಿ?"

"ಹೊಕ್ಕಿತ್ತ್ರಿ. ಇಲ್ಲೀತನಾ" ಎಂದು ನಾನು ಭುಜ ತೋರಿಸಿದೆ.

"ಗ್ವಾಡಿಗೆ ಬೂಷ್ಟು ಬಂದೈತೇನು? ಕರೇ ಚುಕ್ಕಿ?"

ನನಗೆ ಅಲ್ಲಿಯೇ ಅಳು ಬಂತು. ನಮ್ಮವರು ಗಾಬರಿಯಾದರು. ವೈದ್ಯೆ ಅವರ ಕಡೆ ತಿರುಗಿ ವಿವರಿಸಿದರು. ನೀರು ಕುಡಿದ ಗೋಡೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಆ ಪಸೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಅದರ ಪುಡಿ ಕಣ್ಣಿಗೆ ಕಾಣದಂತೆ ಗಾಳಿಯಲ್ಲಿ ತೇಲುತ್ತದೆ. ಬಣ್ಣ ಬಳಿದರೆ ಅದು ಸಾಯುವುದಿಲ್ಲ. ನೀರು ಹೀರಿದ ಗಾದಿ, ತಲೆದಿಂಬು ಎಷ್ಟು ಒಣಗಿಸಿದರೂ ಉಪಯೋಗವಿಲ್ಲ, ಬಿಸಾಡಲೇಬೇಕು.

"ನಮ್ಮ ಅವ್ವಗ ಏನೂ ಆಗಿಲ್ಲಲ್ರೀ" ಎಂದರು ನಮ್ಮವರು.

"ಒಬ್ಬೊಬ್ಬರ ಎದಿ ಒಂದೊಂದು ನಮೂನಿ ಇರತೈತ್ರಿ. ಶೇಂಗಾ ಎಲ್ಲಾರೂ ತಿಂತಾರ, ಯಾರೋ ಒಬ್ಬರಿಗೆ ಮೈತುಂಬ ಗಂಧಿ ಏಳತಾವ. ಹಂಗಂತ ಆ ಗಂಧಿ ಸುಳ್ಳೇನು? ಇವರು ಸದ್ಯಕ್ಕ ಆ ಮನ್ಯಾಗ ಇರಬಾರದು. ಮನಿ ಖರೇನ ಒಣಗಿದ ಮ್ಯಾಲೆ ನೋಡೂಣು."

ಉಸಿರಿನೊಂದಿಗೆ ಔಷಧ ಎಳೆದುಕೊಳ್ಳುವ ಪಂಪು ಕೊಟ್ಟು, ಅದನ್ನು ಬಾಯಿಗೆ ಹಿಡಿಯುವ ಬಗೆ ಕಲಿಸಿದರು. ಬಳಸಿದ ಮೇಲೆ ಬಾಯಿ ಮುಕ್ಕಳಿಸಬೇಕು ಎಂದರು.

ಚಿಕ್ಕಮ್ಮನ ಮನೆಯಲ್ಲಿ ಹೊಸ ಸೊಸೆ ಬಂದಿದ್ದಳು, ಜಾಗವಿರಲಿಲ್ಲ. ಅವರೇ ಹುಡುಕಿ, ಸಾಲೆಯೊಂದರಲ್ಲಿ ಕೆಲಸಕ್ಕಿದ್ದ ಒಬ್ಬ ವಿಧವೆಯ ಮನೆಯ ಮೇಲಿನ ಕೋಣೆ ಕೊಡಿಸಿದರು. ಎರಡು ಕಿಟಕಿ, ಒಂದು ಕಟ್ಟೆ, ಹೊರಗೆ ಬಿಸಿಲು ಬೀಳುವ ಮಾಳಿಗೆ. ನಮ್ಮವರು ಸ್ಟೋವು, ಒಂದೆರಡು ಪಾತ್ರೆ, ಹೊಸ ಚಾಪೆ ತಂದಿಟ್ಟು ಸಂಜೆಯ ಬಸ್ಸಿಗೆ ಹೋದರು.

ಮನೆಯ ಒಡತಿ ಮೇಲೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ, ಗಂಡನ ಕೂಡ ಜಗಳ ಆಗೈತೇನು?"

"ಇಲ್ಲವ್ವಾ. ಮನೀಗೆ ಬೂಷ್ಟು ಹಿಡದದ."

ಅವಳು ನನ್ನನ್ನೇ ನೋಡಿದಳು. ಆಮೇಲೆ "ಹೌದ್ರಿ?" ಎಂದು ಕೆಳಗೆ ಹೋದಳು. ನಂಬಲಿಲ್ಲ ಎಂದು ಮೆಟ್ಟಿಲಿಳಿಯುವ ರೀತಿಯಲ್ಲೇ ತಿಳಿಯಿತು.

ಆ ಕೋಣೆಯಲ್ಲಿ ನನಗೆ ಉಸಿರು ಸಲೀಸಾಗಿತ್ತು. ವಾರದಲ್ಲೇ ಸಿಳ್ಳೆ ನಿಂತಿತು. ಮೆಟ್ಟಿಲು ಹತ್ತಿ ಇಳಿದು ಬಜಾರಿಗೆ ಹೋಗಿ ಬರುವಷ್ಟು ಶಕ್ತಿ ಬಂತು. ಆದರೆ ಮೊದಲ ಸಲ ತಿಳಿಯಿತು, ದಿನವೊಂದಕ್ಕೆ ಎಷ್ಟೊಂದು ಹೊತ್ತು ಇರುತ್ತದೆ ಎಂದು. ಒಬ್ಬಳಿಗೆ ಅಡುಗೆ ಮಾಡಲು ನನಗೆ ಬರುತ್ತಿರಲಿಲ್ಲ. ಅಳತೆ ಕೈಗೆ ಸಿಗದೆ ಯಾವಾಗಲೂ ಸಾರು ಉಳಿಯುತ್ತಿತ್ತು. ಮುಂಜಾನೆ ಎದ್ದು ಯಾರಿಗೂ "ಚಹಾ ಆಯಿತು" ಎಂದು ಹೇಳುವಂತಿರಲಿಲ್ಲ. ಅತ್ತೆ ಮತ್ತು ನಾನು ಮನೆಯಲ್ಲಿ ಹೆಚ್ಚು ಮಾತಾಡಿದವರಲ್ಲ. ಆದರೂ ಅವರು ಬೆಳಗ್ಗೆ ಸ್ತೋತ್ರ ಹೇಳುತ್ತ ಓಡಾಡುವ ಸಪ್ಪಳ ಕಿವಿಗೆ ಬೇಕೆನಿಸಿತು. ಹತ್ತಿಯ ಅಂಗಡಿಗಳ ಬೀದಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಡೆದುಬರುತ್ತಿದ್ದೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಅವು ದಾಟಿಹೋಗುವವರೆಗೆ ರಸ್ತೆಯ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಅವಸರದ ಕೆಲಸವೇನೂ ಇರಲಿಲ್ಲ.

ಭಾನುವಾರ ನಮ್ಮವರು ಸವದತ್ತಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಊಟ ಮಾಡಿ, ಅಂಗಡಿಯ ಸುದ್ದಿ ಹೇಳಿ, ಸ್ವಲ್ಪ ಅಡ್ಡಾಗಿ, ಹೊರಡುತ್ತಿದ್ದರು. ಮನೆಯ ಕೆಲಸ ಏನಾಯಿತು ಎಂದು ನಾನು ಕೇಳುತ್ತಿದ್ದೆ. "ಕಿಟಕಿ ತೆಗದಿಡಲಿಕ್ಕೆ ಹತ್ತೇವಿ" ಎನ್ನುತ್ತಿದ್ದರು. ವೈದ್ಯೆಯ ಮಾತನ್ನು ಅವರು ತಲೆಯಿಂದ ಒಪ್ಪಿದ್ದರು, ಮನಸ್ಸಿನಿಂದ ಒಪ್ಪಿರಲಿಲ್ಲ. ಅವರ ತಾಯಿ ಆ ಮನೆಯಲ್ಲಿ ಆರಾಮಾಗಿದ್ದರು. ಅದು ಅವರ ಕಣ್ಣ ಮುಂದಿತ್ತು. ನನ್ನ ಬೇನೆ ಬೈಲಹೊಂಗಲದಲ್ಲಿ ಕಾಣುತ್ತಲೇ ಇರಲಿಲ್ಲ.

ಒಂದು ಭಾನುವಾರ ಅವರು ನನ್ನ ಕೌದಿ ತಂದರು. ನನ್ನ ತಾಯಿ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದುಕೊಟ್ಟದ್ದು. ಹೊಳೆ ಬಂದಾಗ ಅದು ಅಟ್ಟದ ಮೇಲಿತ್ತು, ಒದ್ದೆಯಾಗಿರಲಿಲ್ಲ. ಆಮೇಲೆ ಜೋಪಾನವಾಗಿರಲೆಂದು ಚಳಿಗಾಲವೆಲ್ಲ ಕಪಾಟಿನಲ್ಲಿಟ್ಟಿದ್ದೆ. "ಅವ್ವ ಕೊಟ್ಟು ಕಳಿಸ್ಯಾಳ. ಚಾಪಿ ಮ್ಯಾಲೆ ಮಲಗತೀಯಲ್ಲ, ಬೆನ್ನಿಗೆ ಹತ್ತತದ ಅಂತ" ಎಂದರು. ನನಗೆ ಎಷ್ಟು ಹಿತವಾಯಿತೆಂದರೆ, ಚೀಲದಿಂದ ತೆಗೆದು ಮುಖಕ್ಕೇ ಒತ್ತಿಕೊಂಡೆ. ಅದರಲ್ಲಿ ನಮ್ಮ ಮನೆಯ ವಾಸನೆ ಇತ್ತು.

ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ನನ್ನ ಎದೆ ಬಿಗಿಯತೊಡಗಿತ್ತು. ಮೊದಲು ಕೆಮ್ಮು, ಆಮೇಲೆ ಆ ಸಿಳ್ಳೆ. ಪಂಪು ಹುಡುಕಲು ಕೈ ಚಾಚಿದೆ, ಸಿಗಲಿಲ್ಲ. ಅವರೇ ನನ್ನ ಕೈಚೀಲದಿಂದ ತೆಗೆದು ಬಾಯಿಗೆ ಹಿಡಿದರು. ನಾನು ಕೌದಿಯ ಕಡೆ ಬೆರಳು ಮಾಡಿದೆ. ಅವರು ಒಂದು ಕ್ಷಣ ಅರ್ಥವಾಗದೆ ನಿಂತರು. ಆಮೇಲೆ ಅದನ್ನು ಎತ್ತಿಕೊಂಡು ಹೊರಗೆ ಮಾಳಿಗೆಗೆ ಹೋದರು.

ನಾನು ಸುಧಾರಿಸಿಕೊಂಡು ಬಾಗಿಲಿಗೆ ಬಂದಾಗ, ಅವರು ಕೌದಿಯನ್ನು ಬಿಸಿಲಿಗೆ ಬಿಚ್ಚಿ ಹಿಡಿದು, ಒಂದೊಂದೇ ತುಂಡನ್ನು ನೋಡುತ್ತಿದ್ದರು. ಒಳಮಗ್ಗುಲಿನಲ್ಲಿ ಬೂದುಬಣ್ಣದ ಕಲೆ ಕಟ್ಟಿತ್ತು.

"ನೀ ಇಷ್ಟ ದಿನಾ ಇದನ್ನ ಹೇಳತಿದ್ದಿ" ಎಂದರು, ನನ್ನ ಕಡೆ ನೋಡದೆ.

"ಹೌದ್ರೀ."

"ನಾ ಇದರ ಜೋಡೀನ ಕೂತು ಬಂದೆ ಬಸ್ಸಿನ್ಯಾಗ. ನನಗ ಏನೂ ಅನಸಲಿಲ್ಲ."

"ನಿಮಗ ಅನಸೂದಿಲ್ರೀ. ಅದ ತ್ರಾಸು."

ಅವರು ಅಂಗಿಯನ್ನೂ ಕಳಚಿ ಕೌದಿಯ ಪಕ್ಕದಲ್ಲಿ ಹಗ್ಗಕ್ಕೆ ಹಾಕಿ, ಬನಿಯನ್ನಿನಲ್ಲೇ ಮಾಳಿಗೆಯ ಮೇಲೆ ಕೂತುಬಿಟ್ಟರು. ಒಳಗೆ ಬರಲಿಲ್ಲ. ತಟ್ಟೆಯನ್ನು ಅಲ್ಲಿಗೇ ಒಯ್ದುಕೊಟ್ಟೆ. ನಾನು ಹೊಸ್ತಿಲೊಳಗೆ ಕೂತು ಉಂಡೆ, ಅವರು ಹೊರಗೆ ಕೂತು ಉಂಡರು. ನಮ್ಮಿಬ್ಬರ ನಡುವೆ ಬಾಗಿಲು ಮಾತ್ರ ಇತ್ತು, ಅದೂ ತೆರೆದೇ ಇತ್ತು. ಮದುವೆಯಾದ ಮೇಲೆ ಇಷ್ಟು ದೂರ ಕೂತು ಉಂಡದ್ದು ನೆನಪಿಲ್ಲ.

ಮರುದಿನ ಅವರು ಅಂಗಡಿ ತೆರೆಯಲಿಲ್ಲವಂತೆ. ಓಣಿಯ ಗಂಡಸರನ್ನು ಕರೆದು ತೇಗದ ಕಪಾಟನ್ನು ಸರಿಸಿದರು. ಅಲ್ಲಿಂದಲೇ ಫೋನು ಮಾಡಿದರು. ಧ್ವನಿ ಬೇರೆಯಾಗಿತ್ತು. ಕಪಾಟಿನ ಹಿಂದಿನ ಹಲಗೆಯೂ ಗೋಡೆಯೂ ಒಂದೇ ಕಪ್ಪು ತುಪ್ಪಟದಿಂದ ಅಂಟಿಕೊಂಡಿದ್ದವಂತೆ. ಗಾದಿಯ ಹೊಸ ಅರಿವೆ ಹರಿದು ನೋಡಿದರೆ ಒಳಗಿನ ಅರಳೆ ಹಳದಿಯಾಗಿ ಗಂಟು ಕಟ್ಟಿತ್ತಂತೆ. "ಗ್ವಾಡಿ ಗಿಲಾವು ಪೂರಾ ಕೆಡವತೇನಿ. ನೀರಿನ ಗೆರಿಗಿಂತ ಮ್ಯಾಲೆ ಮಟಾ" ಎಂದರು. ಮೂಗು ಬಾಯಿಗೆ ಗಟ್ಟಿಯಾದ ಮಾಸ್ಕು ಹಾಕಿಕೊಳ್ಳದೆ ಮುಟ್ಟಬೇಡಿ, ಬಾಗಿಲು ಕಿಟಕಿ ತೆರೆದಿಡಿ, ಕೆರೆಯುವ ಮೊದಲು ನೀರು ಚಿಮುಕಿಸಿ, ಪುಡಿ ಹಾರಬಾರದು ಎಂದು ವೈದ್ಯೆ ಹೇಳಿದ್ದನ್ನೆಲ್ಲ ನಾನು ಮತ್ತೆ ಹೇಳಿದೆ. ಈ ಸಲ ಅವರು ನಡುವೆ ಮಾತಾಡಲಿಲ್ಲ.

ಅದಾದ ಕೆಲ ದಿನಕ್ಕೆ, ಒಂದು ಮಧ್ಯಾಹ್ನ ಕೆಳಗಿನಿಂದ ಒಡತಿ ಕೂಗಿದಳು, "ಅಕ್ಕಾರ, ನಿಮ್ಮ ಕಡಿ ಹಿರ್ಯಾರು ಬಂದಾರ್ರಿ." ಇಳಿದು ನೋಡಿದರೆ ಅತ್ತೆ. ಕೈಯಲ್ಲಿ ಒಂದು ಚೀಲ, ಮುಖ ಬಿಸಿಲಿಗೆ ಕಂದಿತ್ತು. ಅವರು ಒಬ್ಬರೇ ಬಸ್ಸು ಹತ್ತಿದವರೇ ಅಲ್ಲ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಯಾರನ್ನೋ ಕೇಳಿಕೊಂಡು ಬಂದಿದ್ದರು. ಮಗನಿಗೆ ಹೇಳಿರಲಿಲ್ಲ.

"ಹೊಸ ಸೀರಿ ಉಟಗೊಂಡು ಬಂದೇನಿ. ಕಪಾಟಿನ್ಯಾಗಿಂದಲ್ಲ" ಎಂದರು ಮೆಟ್ಟಿಲ ಬುಡದಲ್ಲೇ. ನಾನು ಅವರ ಕೈಹಿಡಿದು ಮೆಟ್ಟಿಲು ಹತ್ತಿಸಿದೆ.

ಮೇಲೆ ಬಂದು ಕೋಣೆಯನ್ನೆಲ್ಲ ನೋಡಿದರು. ನಾನು ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು.

"ಒಂದು ಮಾತು ಕೇಳತೇನಿ, ಖರೇ ಹೇಳು. ನೀ ಗ್ವಾಡಿ ಸಲುವಾಗಿ ಬಂದ್ಯೋ, ನನ್ನ ಸಲುವಾಗಿ ಬಂದ್ಯೋ?"

ನಾನು ಅವರ ಮುಖ ನೋಡಿದೆ. ಇಷ್ಟು ದಿನವೂ ಈ ಪ್ರಶ್ನೆ ಅವರಲ್ಲಿತ್ತು ಎಂದು ಆಗ ತಿಳಿಯಿತು. ಕಟ್ಟೆಯ ಮೇಲಿನ ಮಾತು ಅವರನ್ನೂ ಮುಟ್ಟಿತ್ತು. ನನ್ನ ಕೆಮ್ಮನ್ನು ಒಪ್ಪಿಕೊಳ್ಳದೆ ಇರುವುದರಲ್ಲಿ ಅವರಿಗೆ ಏನು ಸಿಗುತ್ತಿತ್ತೋ ನನಗೆ ಗೊತ್ತಿಲ್ಲ. ಆದರೆ ನಾನು ಇಲ್ಲಿ ಒಂಟಿಯಾಗಿದ್ದಂತೆಯೇ ಅವರು ಅಲ್ಲಿ, ಮಗ ಅಂಗಡಿಗೆ ಹೋದ ಮೇಲೆ, ಸೊಸೆ ತನ್ನನ್ನು ಬಿಟ್ಟುಹೋದಳು ಎಂಬ ಮಾತನ್ನು ಒಬ್ಬರೇ ಎದುರಿಗಿಟ್ಟುಕೊಂಡು ಕೂತಿದ್ದರು.

"ಗ್ವಾಡಿ ಸಲುವಾಗೇ ಅತ್ಯಾ" ಎಂದೆ. "ನಿಮ್ಮ ಸಲುವಾಗಿ ಬಿಡೂದಿದ್ರ ಇಷ್ಟ ವರ್ಷ ಯಾಕ ಇರತಿದ್ದೆ?"

ಅವರು ನಕ್ಕರೋ ಇಲ್ಲವೋ ಹೇಳಲಾರೆ. ಚೀಲದಿಂದ ಮೆಂತ್ಯದ ಹಿಟ್ಟಿನ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟರು. "ಡಬ್ಬಿ ಕುದಿಯೋ ನೀರಾಗ ತೊಳದೇನಿ" ಎಂದರು. ಆ ಸಂಜೆ ಹೋಗಲಿಲ್ಲ. ಮಗನಿಗೆ ಫೋನು ಮಾಡಿ ಹೇಳಿ, ನನ್ನ ಚಾಪೆಯ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿಕೊಂಡರು. ಮುಂಜಾನೆ ಎದ್ದಾಗ ಅವರು ಆಗಲೇ ಎದ್ದು, ಗೋಡೆಗೆ ಒರಗಿ, ನನ್ನ ಉಸಿರನ್ನು ಕೇಳುತ್ತ ಕೂತಿದ್ದರು. "ಇಲ್ಲಿ ಸಪ್ಪಳನ ಇಲ್ಲ" ಎಂದರು.

ದೇವರ ಖೋಲಿಯ ಗಿಲಾವನ್ನು ಕೆಡವಲು ಅಲ್ಲಿಯವರೆಗೆ ಅವರು ಬಿಟ್ಟಿರಲಿಲ್ಲ. ಊರಿಗೆ ಹೋದವರೇ ದೇವರನ್ನು ತಾವೇ ತೆಗೆದು ಮಾಳಿಗೆಯ ಗೂಡಿನಲ್ಲಿಟ್ಟು, ಕೆಡವಲು ಹೇಳಿದರಂತೆ. ಗಾದಿ, ತಲೆದಿಂಬು, ಕಪಾಟಿನ ಹಲಗೆ, ಎಲ್ಲ ಊರ ಹೊರಗೆ ಹೋದವು. ಆ ಭಾನುವಾರ ತಿರುಗಿ ಒಯ್ದಿದ್ದ ಕೌದಿಯನ್ನು ನಮ್ಮವರು ನೀರಿನಲ್ಲಿ ಕುದಿಸಿ ನೋಡಿದರು. ತುಂಡುಗಳು ಬಿಟ್ಟುಕೊಂಡು ಹೋದವು. ಅದನ್ನು ನನಗೆ ಫೋನಿನಲ್ಲಿ ಹೇಳಲು ಅವರಿಗೆ ಬಹಳ ಕಷ್ಟವಾಯಿತು.

ಬೇಸಿಗೆಯೆಲ್ಲ ಗೋಡೆಗಳು ಕಲ್ಲುಮಣ್ಣು ಕಾಣುವಂತೆ ಬರಿದೇ ನಿಂತವು. ಒಣಗಿದವು. ಮೇಲೆ ಸಿಮೆಂಟಿನ ಬದಲು ಸುಣ್ಣದ ಗಿಲಾವು ಬಳಿಸಿದರು. ಮೃಗಶಿರ ಮಳೆಗೆ ಮುಂಚೆ ನಾನು ಮನೆಗೆ ಬಂದೆ. ಅವರಿಬ್ಬರೂ ಹೊಸ್ತಿಲ ಬಳಿ ನಿಂತರು. ನಾನು ಒಳಗೆ ಹೋಗಿ, ಕೋಣೆ ಕೋಣೆಯಲ್ಲಿ ಉಸಿರೆಳೆದು ಬಂದೆ. ಸುಣ್ಣದ ವಾಸನೆ ಮಾತ್ರ ಇತ್ತು. ಎದೆ ಸುಮ್ಮನಿತ್ತು.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ಹೇಳುವಂತಿಲ್ಲ. ಅಡುಗೆಮನೆಗೆ ಹೋದರೆ ಡಬ್ಬಿಗಳ ಜಾಗ ಬದಲಾಗಿತ್ತು. ಉಪ್ಪು ಎಲ್ಲಿದೆ ಎಂದು ನಾನು ಕೇಳಬೇಕಾಯಿತು. ತಾಯಿ ಮಗ ಇಬ್ಬರೇ ಇದ್ದು ಇದ್ದು ಅವರದೇ ಒಂದು ಹೊತ್ತು, ಅವರದೇ ಒಂದು ಅಳತೆ ಆಗಿಬಿಟ್ಟಿತ್ತು. ನಾನು ಮಾಡಿದ ಸಾರು ಅಲ್ಲಿಯೂ ಉಳಿಯಿತು. ನಾನು ಇಲ್ಲದೆಯೂ ನಡೆದ ಮನೆಯಲ್ಲಿ ಮತ್ತೆ ಜಾಗ ಮಾಡಿಕೊಳ್ಳಲು ಬಹಳ ದಿನ ಹಿಡಿಯಿತು. ಅದಕ್ಕೆ ಪಂಪಿನಲ್ಲಿ ಔಷಧವಿರಲಿಲ್ಲ.

ಮೊದಲ ಮಳೆಗಾಲದಲ್ಲಿ, ಹೊಳೆಯ ಮಗ್ಗುಲಿನ ಗೋಡೆ ಮತ್ತೆ ಪಸೆ ಹಿಡಿದಾಗ ನನಗೆ ಮತ್ತೆ ಕೆಮ್ಮು ಬಂತು. ಈ ಸಲ ಅದನ್ನು ಮೊದಲು ಗುರುತಿಸಿದವರು ಅತ್ತೆ. "ನಾಳೆ ಹೋಗು" ಎಂದರು. ಯಾರೂ ವಾದ ಮಾಡಲಿಲ್ಲ.

ಅಂದಿನಿಂದ ಹೀಗೇ ನಡೆದಿದೆ. ಮಳೆ ಹಿಡಿದುಕೊಂಡಾಗ ನಾನು ಬೈಲಹೊಂಗಲದ ಆ ಕೋಣೆಗೆ ಹೋಗುತ್ತೇನೆ, ಗೋಡೆ ಒಣಗಿದ ಮೇಲೆ ಬರುತ್ತೇನೆ. ಒಡತಿಗೆ ಈಗ ಬೂಷ್ಟಿನ ಮಾತು ನಂಬಿಕೆಯಾಗಿದೆ. ನನ್ನ ಬಳಿ ಅವಳ ಓಣಿಯವರ ಜಂಪರುಗಳೂ ಬರುತ್ತವೆ. ರಾಮದುರ್ಗದ ನಮ್ಮ ಓಣಿಯಲ್ಲಿ ನನ್ನಂಥವರು ಇನ್ನೂ ಇದ್ದಾರು, ಹೇಳಿಕೊಂಡಿರಲಿಕ್ಕಿಲ್ಲ.

ನಮ್ಮವರು ಸವದತ್ತಿಯವರೆಗೆ ಜೊತೆಗೆ ಬಂದು ನನ್ನನ್ನು ಬೈಲಹೊಂಗಲದ ಬಸ್ಸಿಗೆ ಹತ್ತಿಸಿ, ತಾವು ಅಲ್ಲಿಂದಲೇ ತಿರುಗುತ್ತಾರೆ, ಅಂಗಡಿ ತೆರೆಯಬೇಕೆಂದು. ಕಿಟಕಿಯ ಹೊರಗೆ ನಿಂತು, ಪಂಪು ಚೀಲದಲ್ಲಿದೆಯೋ ಎಂದು ಕೇಳುತ್ತಾರೆ. ಇದೆ ಎನ್ನುತ್ತೇನೆ. ಬಸ್ಸು ಹೊರಟ ಮೇಲೆ ಪಕ್ಕದ ಸೀಟಿನ ಹೆಂಗಸು ಯಾರಾದರೂ, "ತವರಮನೀಗೇನ್ರಿ?" ಎಂದು ಕೇಳುತ್ತಾಳೆ. ಒಮ್ಮೊಮ್ಮೆ ಹೌದು ಎಂದುಬಿಡುತ್ತೇನೆ. ಒಮ್ಮೊಮ್ಮೆ ಹೊಳೆಯಿಂದ ಶುರುಮಾಡಿ ಎಲ್ಲವನ್ನೂ ಹೇಳುತ್ತೇನೆ, ಅವಳು ಇಳಿಯುವ ಊರು ಬರುವವರೆಗೆ.